ಕೇಂದ್ರದ ಹೊಸ ಸಂಪುಟ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

2024ರ ಜೂನ್ 9ರಂದು ನರೇಂದ್ರ ಮೋದಿ ಮೂರನೇ ಬಾರಿ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಮರುದಿನ ಖಾತೆ ಹಂಚಿಕೆಯಾಯಿತು. ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಸಂಪುಟ ದರ್ಜೆಯಲ್ಲೇ ಉಳಿದರು. ಅಲ್ಲಿಂದ ಈಚೆಗೆ ಎಪಿಎಂಸಿ ಅಂಗಳದಲ್ಲಿ, ರೈಲಿನಲ್ಲಿ, ನಮಗೆ ಬರುವ ಪತ್ರಗಳಲ್ಲಿ ಒಂದೇ ಬಗೆಯ ಪ್ರಶ್ನೆಗಳು ಮತ್ತೆ ಮತ್ತೆ ಏಳುತ್ತಿವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿಟ್ಟಿದ್ದೇವೆ. ಖಾತೆ, ಹೆಸರು, ದರಗಳೆಲ್ಲ 2024ರ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನವು.

## ಮೊದಲು ತಿಳಿಯಬೇಕಾದದ್ದು

ಒಟ್ಟ ಎಷ್ಟ ಮಂದಿ ಸಚಿವ್ರ ಅದಾರ? ಇದಕ್ಕ ಮಿತಿ ಅಂತ ಏನರ ಐತೇನ್ರೀ?

ಪ್ರಧಾನಿ ಸೇರಿ 72 ಮಂದಿ. ಅವರಲ್ಲಿ 30 ಸಂಪುಟ ಸಚಿವರು, 5 ಮಂದಿ ಸ್ವತಂತ್ರ ಹೊಣೆಯ ರಾಜ್ಯ ಸಚಿವರು, 36 ಮಂದಿ ರಾಜ್ಯ ಸಚಿವರು. ಮಿತಿ ಇದೆ. 2003ರಲ್ಲಿ ಸಂವಿಧಾನಕ್ಕೆ ಮಾಡಿದ 91ನೇ ತಿದ್ದುಪಡಿಯ ಪ್ರಕಾರ ಮಂತ್ರಿಮಂಡಲ ಲೋಕಸಭೆಯ ಬಲದ ಶೇ 15 ಮೀರುವಂತಿಲ್ಲ. 543 ಸ್ಥಾನಗಳಿಗೆ ಲೆಕ್ಕ ಹಾಕಿದರೆ 81. ಅಂದರೆ ಇನ್ನೂ 9 ಜಾಗ ಖಾಲಿ ಇವೆ. ವಿಸ್ತರಣೆಯ ಸುದ್ದಿ ಆಗಾಗ ಏಳುವುದಕ್ಕೆ ಇದೂ ಒಂದು ಕಾರಣ.

ಮೂರು ದರ್ಜೆ ಅಂತಾರಲ್ಲ, ಕೆಲಸದಾಗ ಏನ ಫರಕ ಬೀಳ್ತದ?

ದೊಡ್ಡ ಫರಕೇ ಬೀಳುತ್ತದೆ. ಸಂಪುಟ ಸಚಿವರು ಸಚಿವಾಲಯದ ಪೂರ್ಣ ಹೊಣೆ ಹೊತ್ತು ಸಂಪುಟ ಸಭೆಯಲ್ಲಿ ಕೂರುತ್ತಾರೆ. ಸ್ವತಂತ್ರ ಹೊಣೆಯವರ ಮೇಲೆ ಬೇರೆ ಸಚಿವರಿರುವುದಿಲ್ಲ, ಕಡತ ಅವರಲ್ಲೇ ತೀರ್ಮಾನವಾಗುತ್ತದೆ. ಆದರೆ ಸಂಪುಟ ಸಭೆಗೆ ಅವರು ಬರುವುದು ತಮ್ಮ ಖಾತೆಯ ವಿಷಯ ಇದ್ದಾಗ, ಕರೆ ಬಂದರೆ ಮಾತ್ರ. ಬರೀ ರಾಜ್ಯ ಸಚಿವರು ಸಂಪುಟ ಸಚಿವರ ಕೈಕೆಳಗೆ ದುಡಿಯುತ್ತಾರೆ. ಯಾವ ಕಡತ ಅವರ ಮೂಲಕ ಹೋಗಬೇಕೆಂದು ಹಿರಿಯ ಸಚಿವರೇ ಲಿಖಿತ ಆದೇಶ ಹೊರಡಿಸುತ್ತಾರೆ.

ದರ್ಜೆಯ ತೂಕ ಎಷ್ಟೆಂಬುದು ಈ ಸಲದ ಪ್ರಮಾಣವಚನದ ದಿನವೇ ಕಂಡಿತು. ಮಿತ್ರಪಕ್ಷವಾದ ಅಜಿತ್ ಪವಾರ್ ಬಣದ ಎನ್‌ಸಿಪಿಗೆ ಸ್ವತಂತ್ರ ಹೊಣೆಯ ಒಂದು ಸ್ಥಾನ ಕೊಡಲು ಮುಂದಾದಾಗ ಆ ಪಕ್ಷ ಒಪ್ಪಲಿಲ್ಲ. ಅವರ ಪ್ರಫುಲ್ ಪಟೇಲ್ ಹಿಂದೆ ಸಂಪುಟ ಸಚಿವರಾಗಿದ್ದವರು, ಕೆಳಗಿನ ದರ್ಜೆ ಹಿಂಬಡ್ತಿಯಾಗುತ್ತದೆ ಎಂಬುದು ಅವರ ವಾದವಾಗಿತ್ತು.

ಹಿರಿಯ ಸಚಿವ್ರಂದ್ರ ಯಾರು? ವಯಸ್ಸಿನ ಮ್ಯಾಲೆ ಎಣಸ್ತಾರೇನು?

ವಯಸ್ಸಿನ ಮೇಲಲ್ಲ. ಜಿತನ್ ರಾಮ್ ಮಾಂಝಿ ಪ್ರಮಾಣವಚನದ ದಿನ 79 ವರ್ಷದವರು. ಅವರಿಗಿಂತ ಮೊದಲು ಹತ್ತಕ್ಕೂ ಹೆಚ್ಚು ಮಂದಿ ಪ್ರಮಾಣ ಪಡೆದರು. ಸಾಮಾನ್ಯವಾಗಿ ಪ್ರಮಾಣವಚನದ ಕ್ರಮವನ್ನೇ ಹಿರಿತನದ ಗುರುತಾಗಿ ಓದುತ್ತಾರೆ. ಈ ಸಲದ ಕ್ರಮ: ಪ್ರಧಾನಿ, ಆಮೇಲೆ ರಾಜನಾಥ್ ಸಿಂಗ್, ಅಮಿತ್ ಶಾ, ನಿತಿನ್ ಗಡ್ಕರಿ, ಜೆ.ಪಿ. ನಡ್ಡಾ, ಶಿವರಾಜ್ ಸಿಂಗ್ ಚೌಹಾಣ್, ನಿರ್ಮಲಾ ಸೀತಾರಾಮನ್, ಎಸ್. ಜೈಶಂಕರ್, ಮನೋಹರ್ ಲಾಲ್ ಖಟ್ಟರ್, ಎಚ್.ಡಿ. ಕುಮಾರಸ್ವಾಮಿ.

ಇದಕ್ಕಿಂತ ಗಟ್ಟಿಯಾದ ಅಳತೆ ಸಂಪುಟ ಸಮಿತಿಗಳು. ಭದ್ರತಾ ಸಮಿತಿಯಲ್ಲಿ ಪ್ರಧಾನಿಯ ಜೊತೆ ರಕ್ಷಣೆ, ಗೃಹ, ಹಣಕಾಸು, ವಿದೇಶಾಂಗ ಸಚಿವರಷ್ಟೇ ಇರುತ್ತಾರೆ. ಹಿರಿಯ ಅಧಿಕಾರಿಗಳ ನೇಮಕಾತಿ ಸಮಿತಿಯಲ್ಲಂತೂ ಇಬ್ಬರೇ: ಪ್ರಧಾನಿ, ಗೃಹ ಸಚಿವ. ಈ ಎರಡು ಸಮಿತಿಗಳನ್ನು ನೋಡಿದರೆ ಸರ್ಕಾರದ ನಡು ಎಲ್ಲಿದೆ ಎಂಬುದು ತಿಳಿಯುತ್ತದೆ. ನೆಹರೂ 1964ರಲ್ಲಿ, ಶಾಸ್ತ್ರಿ 1966ರಲ್ಲಿ ತೀರಿಕೊಂಡಾಗ ಎರಡೂ ಸಲ ಹಂಗಾಮಿ ಪ್ರಧಾನಿಯಾದವರು ಗೃಹ ಸಚಿವ ಗುಲ್ಜಾರಿಲಾಲ್ ನಂದಾ. ಆದರೆ ಅದು ನಿಯಮವಲ್ಲ. 1984ರಲ್ಲಿ ಇಂದಿರಾ ಗಾಂಧಿ ಹತ್ಯೆಯಾದ ದಿನವೇ ರಾಜೀವ್ ಗಾಂಧಿ ನೇರವಾಗಿ ಪ್ರಧಾನಿಯಾದರು.

ಉಪಪ್ರಧಾನಿ ಯಾಕ ಇಲ್ಲ?

ಸಂವಿಧಾನದಲ್ಲಿ ಆ ಹುದ್ದೆಯೇ ಇಲ್ಲ. ಪಟೇಲ್, ಮೊರಾರ್ಜಿ ದೇಸಾಯಿ, ಅಡ್ವಾಣಿ ಮೊದಲಾದವರು ಆ ಹೆಸರಿನಲ್ಲಿ ಇದ್ದದ್ದು ರಾಜಕೀಯ ಗೌರವವಾಗಿ. 1989ರಲ್ಲಿ ದೇವಿಲಾಲ್ ಉಪಪ್ರಧಾನಿ ಎಂದೇ ಪ್ರಮಾಣ ಸ್ವೀಕರಿಸಿದ್ದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಹೆಸರು ಏನೇ ಇರಲಿ, ಅವರು ಮಂತ್ರಿಯೇ, ಪ್ರಮಾಣವಚನ ಊರ್ಜಿತ ಎಂದು ನ್ಯಾಯಾಲಯ ಹೇಳಿತು.

ಚುನಾವಣ್ಯಾಗ ಸೋತವ್ರೂ ಮಂತ್ರಿ ಆಗ್ಯಾರ. ಇದು ನಡೀತದೇನು?

ಆರು ತಿಂಗಳವರೆಗೆ ನಡೆಯುತ್ತದೆ. ಸಂವಿಧಾನದ 75(5)ನೇ ವಿಧಿ ಅಷ್ಟು ಕಾಲ ಕೊಟ್ಟಿದೆ. ಲುಧಿಯಾನದಲ್ಲಿ ಸೋತ ರವನೀತ್ ಸಿಂಗ್ ಮತ್ತು ಯಾವ ಸದನದಲ್ಲೂ ಇರದ ಜಾರ್ಜ್ ಕುರಿಯನ್ ಇಬ್ಬರೂ ಜೂನ್‌ನಲ್ಲಿ ರಾಜ್ಯ ಸಚಿವರಾದರು, ಆಗಸ್ಟ್‌ನಲ್ಲಿ ರಾಜ್ಯಸಭೆಗೆ ಆಯ್ಕೆಯಾದರು. ಆರು ತಿಂಗಳು ಮುಗಿದ ಮೇಲೆ ರಾಜೀನಾಮೆ ಕೊಟ್ಟು, ಆಯ್ಕೆಯಾಗದೆ ಮತ್ತೆ ಮಂತ್ರಿಯಾಗುವ ದಾರಿಯನ್ನು ಸುಪ್ರೀಂ ಕೋರ್ಟ್ 2001ರಲ್ಲೇ ಮುಚ್ಚಿದೆ.

## ಯಾರ ಹತ್ತಿರ ಏನಿದೆ

ಕರ್ನಾಟಕದ ಪಾಲಿಗೆ ಯಾರ‍್ಯಾರು, ಯಾವ ಖಾತೆ?

ಐವರು. ಪ್ರಲ್ಹಾದ ಜೋಶಿ: ಗ್ರಾಹಕ ವ್ಯವಹಾರ, ಆಹಾರ ಮತ್ತು ಸಾರ್ವಜನಿಕ ವಿತರಣೆ, ಜೊತೆಗೆ ನವೀಕರಿಸಬಹುದಾದ ಇಂಧನ. ಎಚ್.ಡಿ. ಕುಮಾರಸ್ವಾಮಿ: ಬೃಹತ್ ಕೈಗಾರಿಕೆ ಮತ್ತು ಉಕ್ಕು. ಕರ್ನಾಟಕದಿಂದ ರಾಜ್ಯಸಭೆಯಲ್ಲಿರುವ ನಿರ್ಮಲಾ ಸೀತಾರಾಮನ್: ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರ. ಈ ಮೂವರು ಸಂಪುಟ ದರ್ಜೆಯವರು. ವಿ. ಸೋಮಣ್ಣ ರೈಲ್ವೆ ಮತ್ತು ಜಲಶಕ್ತಿಯಲ್ಲಿ, ಶೋಭಾ ಕರಂದ್ಲಾಜೆ ಸಣ್ಣ ಕೈಗಾರಿಕೆ ಮತ್ತು ಕಾರ್ಮಿಕ ಖಾತೆಗಳಲ್ಲಿ ರಾಜ್ಯ ಸಚಿವರು.

ಜೋಶಿಯವರು ಹಿಂದಿನ ಅವಧಿಯಲ್ಲಿ ಸಂಸದೀಯ ವ್ಯವಹಾರ, ಕಲ್ಲಿದ್ದಲು, ಗಣಿ ಖಾತೆ ನೋಡುತ್ತಿದ್ದರು. ಹಳೆಯ ನೆನಪಿನಲ್ಲಿ ಗಣಿ ವಿಷಯದ ಅರ್ಜಿಯನ್ನು ಈಗಲೂ ಅವರ ಕಚೇರಿಗೆ ಒಯ್ಯುವವರಿದ್ದಾರೆ. ಆ ಖಾತೆ ಈಗ ಜಿ. ಕಿಶನ್ ರೆಡ್ಡಿಯವರದು.

ನಮ್ಮ ಭಾಗಕ್ಕ ದಿನಾ ಬೇಕಾಗೋ ಉಳಿದ ಖಾತೆ ಯಾರ ಕಡೆ ಅವ?

ಕೃಷಿ, ಗ್ರಾಮೀಣಾಭಿವೃದ್ಧಿ: ಶಿವರಾಜ್ ಸಿಂಗ್ ಚೌಹಾಣ್. ಹತ್ತಿ ನಿಗಮ ಇರುವ ಜವಳಿ: ಗಿರಿರಾಜ್ ಸಿಂಗ್. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ, ಖಾತೆ ಅಶ್ವಿನಿ ವೈಷ್ಣವ್ ಅವರದು. ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ, ನಮ್ಮ ಬೈಪಾಸ್ ಸೇರಿ, ಗಡ್ಕರಿಯವರ ಖಾತೆ. ಹುಬ್ಬಳ್ಳಿ ವಿಮಾನ ನಿಲ್ದಾಣ: ಕೆ. ರಾಮಮೋಹನ ನಾಯ್ಡು. ಧಾರವಾಡದ ಐಐಟಿ: ಶಿಕ್ಷಣ ಸಚಿವ ಧರ್ಮೇಂದ್ರ ಪ್ರಧಾನ್. ನದಿ ನೀರು: ಸಿ.ಆರ್. ಪಾಟೀಲ್. ಕಾಡು ಮತ್ತು ವನ್ಯಜೀವಿ ಅನುಮತಿ: ಭೂಪೇಂದರ್ ಯಾದವ್. ಗೊಬ್ಬರ ನಡ್ಡಾ ಅವರ ಬಳಿ ಇದೆ, ಆರೋಗ್ಯದ ಜೊತೆಗೆ. ಮುಂಗಾರಿನಲ್ಲಿ ಯೂರಿಯಾ, ಡಿಎಪಿ ಕೊರತೆಯಾದಾಗ ಕೃಷಿ ಸಚಿವರಿಗೆ ಬರೆಯುವುದು ಸಾಮಾನ್ಯ ತಪ್ಪು. ಯಾರಿಗೂ ಹಂಚದ ಖಾತೆಗಳು ತಾವಾಗಿಯೇ ಪ್ರಧಾನಿಯವರಲ್ಲಿ ಉಳಿಯುತ್ತವೆ.

ನಾವು ಶಿಗ್ಗಾವಿಯವ್ರು. ನಮ್ಮ ಎಂಪಿ ಹಾವೇರಿಯವ್ರೋ, ಧಾರವಾಡದವ್ರೋ?

ಧಾರವಾಡದವರು. ಲೋಕಸಭಾ ಕ್ಷೇತ್ರದ ಗಡಿಗೂ ಜಿಲ್ಲೆಯ ಗಡಿಗೂ ತಾಳೆಯಿಲ್ಲ. ಹಾವೇರಿ ಜಿಲ್ಲೆಯ ಶಿಗ್ಗಾವಿ ಧಾರವಾಡ ಕ್ಷೇತ್ರದಲ್ಲಿದೆ, ಹಾಗಾಗಿ ನಿಮ್ಮ ಸಂಸದರು ಜೋಶಿ. ಗದಗ, ರೋಣ, ಶಿರಹಟ್ಟಿ ಹಾವೇರಿ ಕ್ಷೇತ್ರಕ್ಕೆ ಸೇರಿವೆ, ಅಲ್ಲಿನ ಸಂಸದರು ಬಸವರಾಜ ಬೊಮ್ಮಾಯಿ. ಗದಗ ಜಿಲ್ಲೆಯದೇ ಆದ ನರಗುಂದ ಬಾಗಲಕೋಟೆ ಕ್ಷೇತ್ರದಲ್ಲಿದೆ, ಅಲ್ಲಿ ಪಿ.ಸಿ. ಗದ್ದಿಗೌಡರ. ಸಂಸದರ ಶಿಫಾರಸು ಪತ್ರ ಬೇಕಾದಾಗ ಇದನ್ನು ಮೊದಲು ನೋಡಿಕೊಳ್ಳಿ.

ಈ ಭಾಗದವ್ರು ಮೊದಲೂ ದಿಲ್ಲ್ಯಾಗ ಮಂತ್ರಿ ಆಗಿದ್ದರೇನು?

ಆಗಿದ್ದರು. ಧಾರವಾಡದ ಡಿ.ಪಿ. ಕರಮರಕರ್ ನೆಹರೂ ಸರ್ಕಾರದಲ್ಲಿ ಆರೋಗ್ಯ ಖಾತೆ ನೋಡಿದರು. ಧಾರವಾಡ ಉತ್ತರದ ಸರೋಜಿನಿ ಮಹಿಷಿ, ಧಾರವಾಡ ದಕ್ಷಿಣದ ಎಫ್.ಎಚ್. ಮೊಹಸಿನ್ ಇಂದಿರಾ ಗಾಂಧಿ ಸರ್ಕಾರದಲ್ಲಿದ್ದರು. ಹುಬ್ಬಳ್ಳಿಯ ನೆಲದ ಎಸ್.ಆರ್. ಬೊಮ್ಮಾಯಿ 1996ರ ಸಂಯುಕ್ತ ರಂಗ ಸರ್ಕಾರದಲ್ಲಿ ಮಾನವ ಸಂಪನ್ಮೂಲ ಸಚಿವರು. ರಾಜ್ಯ ಸರ್ಕಾರಗಳನ್ನು ಕೇಂದ್ರ ಮನಬಂದಂತೆ ವಜಾ ಮಾಡದಂತೆ ಕಟ್ಟು ಹಾಕಿದ 1994ರ ತೀರ್ಪು ಇವತ್ತಿಗೂ ಅವರ ಹೆಸರಿನಲ್ಲೇ ಇದೆ.

## ಹೊಲ, ಮನೆ, ನೀರು

ಉಳ್ಳಾಗಡ್ಡಿ ರೇಟು ಬಿದ್ರ ಯಾವ ಮಂತ್ರಿನ್ನ ಕೇಳಬೇಕು?

ನಾಲ್ವರನ್ನು. ಬೆಳೆಯುವುದು ಕೃಷಿ ಸಚಿವಾಲಯದ ವಿಷಯ. ಪೇಟೆಯಲ್ಲಿ ದರ ಏರದಂತೆ ದಾಸ್ತಾನು ಕೊಂಡು ಬಿಡುವುದು ಗ್ರಾಹಕ ವ್ಯವಹಾರ, ಅಂದರೆ ಜೋಶಿಯವರ ಖಾತೆ. ರಫ್ತು ನಿಷೇಧಿಸುವ, ತೆರೆಯುವ ಅಧಿಸೂಚನೆ ಹೊರಡುವುದು ಪಿಯೂಷ್ ಗೋಯಲ್ ಅವರ ವಾಣಿಜ್ಯ ಸಚಿವಾಲಯದಿಂದ. ರಫ್ತು ಸುಂಕ ಹಣಕಾಸು ಸಚಿವಾಲಯದ್ದು.

2023ರ ಡಿಸೆಂಬರ್ 8ರಂದು ಉಳ್ಳಾಗಡ್ಡಿ ರಫ್ತು ನಿಷೇಧವಾಯಿತು. 2024ರ ಮೇ 4ರಂದು ತೆರೆಯಿತು, ಆದರೆ ಟನ್ನಿಗೆ 550 ಡಾಲರ್ ಕನಿಷ್ಠ ದರ, ಮೇಲೆ ಶೇ 40 ಸುಂಕ. ಸೆಪ್ಟೆಂಬರ್‌ನಲ್ಲಿ ಕನಿಷ್ಠ ದರ ತೆಗೆದು ಸುಂಕವನ್ನು ಶೇ 20ಕ್ಕೆ ಇಳಿಸಿದರು. ಇಲ್ಲಿ ರೈತರು ಗಮನಿಸಬೇಕಾದ ಸಂಗತಿ ಒಂದಿದೆ. ಗ್ರಾಹಕ ವ್ಯವಹಾರ ಸಚಿವರ ಕಾನೂನುಬದ್ಧ ಹೊಣೆ ಕೊಳ್ಳುವವರ ಹಿತ ಕಾಯುವುದು. ಆ ಖಾತೆಯವರು ನಮ್ಮವರೇ ಆಗಿದ್ದರೂ ಬೆಲೆ ಏರಿಸುವ ಉಪಾಯ ಅವರ ಕೈಯಲ್ಲಿ ಕಡಿಮೆ. ದರ ಕುಸಿತದ ಮನವಿಯಲ್ಲಿ ಸುಂಕ ಮತ್ತು ರಫ್ತಿನ ಮಾತು ಬರೆದು ವಾಣಿಜ್ಯ, ಹಣಕಾಸು ಎರಡಕ್ಕೂ ಕಳಿಸಿ, ಪ್ರತಿಯನ್ನು ಜೋಶಿಯವರಿಗೆ ಕೊಡುವುದು ಸರಿಯಾದ ಕ್ರಮ.

ಹೆಸರಕಾಳಿಗೆ ಬೆಂಬಲ ಬೆಲಿ ಐತಿ, ಬ್ಯಾಡಗಿ ಮೆಣಸಿನಕಾಯಿಗೆ ಯಾಕಿಲ್ಲ?

ಬೆಂಬಲ ಬೆಲೆ ಇರುವುದು 22 ಬೆಳೆಗಳಿಗೆ. ಮೆಣಸಿನಕಾಯಿ ಆ ಪಟ್ಟಿಯಲ್ಲಿಲ್ಲ. ದರ ವಿಪರೀತ ಕುಸಿದರೆ ರಾಜ್ಯ ಸರ್ಕಾರ ಕೇಳಿಕೊಂಡಾಗ ಕೇಂದ್ರ ಕೃಷಿ ಸಚಿವಾಲಯ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಜಾರಿ ಮಾಡಬಹುದು. ನಷ್ಟವನ್ನು ಎರಡೂ ಸರ್ಕಾರ ಅರ್ಧರ್ಧ ಹೊರಬೇಕು. ರಾಜ್ಯದಿಂದ ಪ್ರಸ್ತಾವ ಹೋಗದಿದ್ದರೆ ದಿಲ್ಲಿಯಲ್ಲಿ ಕಡತವೇ ಹುಟ್ಟುವುದಿಲ್ಲ.

2024-25ಕ್ಕೆ ಹೆಸರುಕಾಳಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,682 ರೂಪಾಯಿ, ಉದ್ದ ಎಳೆಯ ಹತ್ತಿಗೆ 7,521. ಹೆಸರು ಕೊಳ್ಳುವುದು ಕೃಷಿ ಸಚಿವಾಲಯದ ಬೆಲೆ ಬೆಂಬಲ ಯೋಜನೆಯಲ್ಲಿ, ಹತ್ತಿ ಕೊಳ್ಳುವುದು ಜವಳಿ ಸಚಿವಾಲಯದ ಹತ್ತಿ ನಿಗಮ. ಖರೀದಿ ಕೇಂದ್ರದಲ್ಲಿ ರೈತರು ವಾಪಸಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರಿಗೆ ಬೇರೆ ಬೆಳೆ ದಾಖಲಾಗಿರುತ್ತದೆ, ಇಲ್ಲವೇ ತೇವಾಂಶ ಶೇ 12 ದಾಟಿರುತ್ತದೆ. ಮೊದಲನೆಯದನ್ನು ಕೊಯ್ಲಿಗೆ ಮುಂಚೆಯೇ ಗ್ರಾಮ ಆಡಳಿತಾಧಿಕಾರಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ನೋಡಿ ಆಕ್ಷೇಪಣೆ ಹಾಕಬೇಕು. ಖರೀದಿ ಶುರುವಾದ ಮೇಲೆ ಯಾವ ಮಂತ್ರಿಯ ಫೋನೂ ಅದನ್ನು ಸರಿಪಡಿಸಲಾರದು.

ಆಹಾರ ಮಂತ್ರಿ ನಮ್ಮವ್ರ ಅದಾರ. ರೇಷನ್ ಕಾರ್ಡ್ ಅವ್ರ ಕಡಿಂದ ಮಾಡಿಸಬಹುದೇನು?

ಆಗುವುದಿಲ್ಲ. ಧಾನ್ಯ ಕೊಳ್ಳುವುದು, ಕೂಡಿಡುವುದು, ರಾಜ್ಯಕ್ಕೆ ಹಂಚುವುದು ಕೇಂದ್ರದ ಕೆಲಸ. ಕಾರ್ಡ್ ಕೊಡುವುದು, ರದ್ದು ಮಾಡುವುದು, ನ್ಯಾಯಬೆಲೆ ಅಂಗಡಿ ನಡೆಸುವುದು ರಾಜ್ಯದ್ದು. ಕಾರ್ಡಿನ ದೂರು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ, ಅಲ್ಲಿಂದ ಜಿಲ್ಲೆಯ ಆಹಾರ ಇಲಾಖೆಯ ಉಪನಿರ್ದೇಶಕರಿಗೆ ಹೋಗಬೇಕು.

ಕೇಂದ್ರದ ಪಾಲು ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. 2023ರ ಜನವರಿಯಿಂದ ಇದು ಉಚಿತ, 2024ರ ಜನವರಿಯಿಂದ ಐದು ವರ್ಷಕ್ಕೆ ವಿಸ್ತರಣೆಯಾಗಿದೆ. ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ರಾಜ್ಯದ್ದು. 2023ರ ಜೂನ್‌ನಲ್ಲಿ ಆಹಾರ ನಿಗಮ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿದ್ದರಿಂದ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ಹಣ ಬಂತು. 2024ರ ಆಗಸ್ಟ್‌ನಿಂದ ಹರಾಜಿಲ್ಲದೆ ಕ್ವಿಂಟಲ್‌ಗೆ 2,800 ರೂಪಾಯಿಗೆ ರಾಜ್ಯಗಳು ಕೊಳ್ಳಬಹುದೆಂದು ಹೊಸ ಸಚಿವರು ಪ್ರಕಟಿಸಿದರು. ಖಾತೆಯ ನಿಜವಾದ ಬಲ ಇಂಥ ತೀರ್ಮಾನಗಳಲ್ಲಿದೆ.

ಮನಿ ಮ್ಯಾಲೆ ಸೋಲಾರ್ ಹಾಕಸೋ ಸಬ್ಸಿಡಿ ಅವ್ರದ ಖಾತೆಯಂತ, ಹೆಂಗ ತಗೋಬೇಕು?

ಪಿಎಂ ಸೂರ್ಯಘರ್ ಯೋಜನೆ ನವೀಕರಿಸಬಹುದಾದ ಇಂಧನ ಸಚಿವಾಲಯದ್ದು. 75,021 ಕೋಟಿ ರೂಪಾಯಿ, ಒಂದು ಕೋಟಿ ಮನೆಗಳ ಗುರಿ. ಸಹಾಯಧನ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಮೂರರ ಮೇಲೆ ಎಷ್ಟೇ ಹಾಕಿಸಿದರೂ ಅಷ್ಟೇ.

ರಾಷ್ಟ್ರೀಯ ಪೋರ್ಟಲ್‌ನಲ್ಲಿ ಹೆಸ್ಕಾಂ (ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ) ಗ್ರಾಹಕ ಸಂಖ್ಯೆಯೊಂದಿಗೆ ನೋಂದಣಿ ಮಾಡಿ. ಹೆಸ್ಕಾಂ ಒಪ್ಪಿಗೆ ಬಂದ ಮೇಲೆ ನೋಂದಾಯಿತ ಮಾರಾಟಗಾರರಿಂದಲೇ ಅಳವಡಿಸಿಕೊಳ್ಳಿ. ಆಮೇಲೆ ನೆಟ್ ಮೀಟರ್ (ಪಡೆದ, ಕೊಟ್ಟ ವಿದ್ಯುತ್ ಎರಡನ್ನೂ ಅಳೆಯುವ ಮೀಟರ್), ತಪಾಸಣೆ, ಚಾಲನಾ ಪ್ರಮಾಣಪತ್ರ. ಕೊನೆಗೆ ಬ್ಯಾಂಕ್ ವಿವರ ತುಂಬಿದರೆ ಹಣ ಖಾತೆಗೆ ಬರುತ್ತದೆ. ಹೆಚ್ಚು ಜನ ಎಡವುವುದು ಇಲ್ಲಿ: ವಿದ್ಯುತ್ ಬಿಲ್ಲು ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ಅರ್ಜಿ ಮೊಮ್ಮಗನ ಹೆಸರಿನಲ್ಲಿರುತ್ತದೆ. ಮೊದಲು ಹೆಸ್ಕಾಂ ಉಪವಿಭಾಗದಲ್ಲಿ ಆರ್‌.ಆರ್‌. ನಂಬರಿನ ಹೆಸರು ಬದಲಿಸಿಕೊಳ್ಳಿ. ಇನ್ನೊಂದು, ಫಲಕದೊಳಗಿನ ಸೌರಕೋಶಗಳೂ ಭಾರತದಲ್ಲೇ ತಯಾರಾದವಾಗಿರಬೇಕು. ಅಗ್ಗಕ್ಕೆ ಸಿಕ್ಕ ಆಮದು ಫಲಕ ಹಾಕಿಸಿದರೆ ಸಹಾಯಧನ ಇಲ್ಲ.

ಮಹಾದಾಯಿ ಕೆಲಸ ಯಾಕ ಮುಂದಕ್ಕ ಹೋಗವಲ್ದು? ಇಷ್ಟ ಮಂದಿ ಮಂತ್ರಿ ಇದ್ದು ಏನ ಉಪಯೋಗ?

ನವಲಗುಂದ, ನರಗುಂದದ ರೈತರು ಮಹಾದಾಯಿ ನದಿಯ ಈ ನೀರಿಗಾಗಿ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಅವರಿಗೆ ಭರವಸೆಗಿಂತ ಕಡತ ಈಗ ಯಾರ ಮೇಜಿನ ಮೇಲಿದೆ ಎಂಬ ನಿಖರ ಉತ್ತರ ಸಿಗಬೇಕು.

ಮಹಾದಾಯಿ ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದರಲ್ಲಿ 8.02 ಜಲವಿದ್ಯುತ್ತಿಗೆ. ಮಲಪ್ರಭೆಗೆ ತಿರುಗಿಸಿಕೊಳ್ಳಬಹುದಾದದ್ದು 3.9 ಟಿಎಂಸಿ: ಕಳಸಾ ಹಳ್ಳದಿಂದ 1.72, ಬಂಡೂರಿ ಹಳ್ಳದಿಂದ 2.18. ಹುಬ್ಬಳ್ಳಿ-ಧಾರವಾಡ ಮತ್ತು ಸುತ್ತಲಿನ ಊರುಗಳ ಕುಡಿಯುವ ನೀರು ಇದೇ ಲೆಕ್ಕದಲ್ಲಿದೆ. 2020ರ ಫೆಬ್ರುವರಿ 27ರಂದು ತೀರ್ಪು ಗೆಜೆಟ್‌ನಲ್ಲಿ ಪ್ರಕಟವಾಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಗೆ ಜಲಶಕ್ತಿ ಸಚಿವಾಲಯದ ದೊಡ್ಡ ಹೆಜ್ಜೆ ಮುಗಿದಿದೆ.

ಈಗ ತಡೆ ಇರುವುದು ಅರಣ್ಯ ಮತ್ತು ವನ್ಯಜೀವಿ ಅನುಮತಿಯಲ್ಲಿ. ಅದು ಭೂಪೇಂದರ್ ಯಾದವ್ ಅವರ ಪರಿಸರ ಸಚಿವಾಲಯ. ರಾಷ್ಟ್ರೀಯ ವನ್ಯಜೀವಿ ಮಂಡಳಿಗೆ ಪ್ರಧಾನಿ ಅಧ್ಯಕ್ಷರು, ಅದರ ಸ್ಥಾಯಿ ಸಮಿತಿಗೆ ಪರಿಸರ ಸಚಿವರು. ಇದರಾಚೆ ತೀರ್ಪನ್ನು ಪ್ರಶ್ನಿಸಿದ ರಾಜ್ಯಗಳ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ನದಿ ಮುಂದೆ ಹರಿದು ಹೋಗುವ ಗೋವಾದ ವಿರೋಧ ರಾಜಕೀಯವಾಗಿಯೂ ಭಾರವಾದದ್ದು, ಅಲ್ಲಿಯೂ ಕೇಂದ್ರದಲ್ಲಿರುವ ಪಕ್ಷವೇ ಆಡಳಿತದಲ್ಲಿದೆ.

ಆದ್ದರಿಂದ ಸೋಮಣ್ಣನವರಿಗೋ ಜೋಶಿಯವರಿಗೋ ‘ನೀರು ಕೊಡಿಸಿ’ ಎಂದು ಮನವಿ ಕೊಟ್ಟರೆ ಅದು ಸಾಗುವ ದಾರಿ ಉದ್ದ. ‘ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಕಳಸಾ ವಿಷಯ ಇದೆಯೇ, ಇಲ್ಲದಿದ್ದರೆ ರಾಜ್ಯದಿಂದ ಯಾವ ದಾಖಲೆ ಬಾಕಿ ಇದೆ’ ಎಂದು ಕೇಳಿ. ಹಾಗೆ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಬಾಕಿ ರಾಜ್ಯದ್ದಾದರೆ ಅದೂ ಹೊರಬೀಳುತ್ತದೆ.

ಹುಬ್ಬಳ್ಳಿ-ಅಂಕೋಲಾ ರೈಲಿನ ಕಥಿನೂ ಇದ ಏನು?

ಬಹುಮಟ್ಟಿಗೆ. ರೈಲ್ವೆ ಸಚಿವಾಲಯದ ಮನಸ್ಸಿದ್ದರೂ ಹಳಿ ಪಶ್ಚಿಮ ಘಟ್ಟದ ದಟ್ಟ ಕಾಡನ್ನು ದಾಟಬೇಕು. ಒಪ್ಪಿಗೆ ಪರಿಸರ ಸಚಿವಾಲಯದ್ದು. ಧಾರವಾಡ-ಕಿತ್ತೂರು-ಬೆಳಗಾವಿ ಹೊಸ ಮಾರ್ಗದ ತೊಡಕು ಬೇರೆ, ಅದು ಭೂಸ್ವಾಧೀನ. ಜಮೀನು ಬಿಡಿಸಿಕೊಡುವುದು ರಾಜ್ಯ ಸರ್ಕಾರ ಮತ್ತು ಜಿಲ್ಲಾಡಳಿತ. ಎರಡಕ್ಕೂ ಒಂದೇ ಮನವಿ ಪತ್ರ ಬರೆಯಬೇಡಿ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಂತೂ ಕೇಂದ್ರದ ಯಾವ ಸಚಿವರ ಖಾತೆಯೂ ಅಲ್ಲ.

ಬೆಂಗೇರಿ ಧ್ವಜದ ಕೆಲಸ ಕಡಿಮಿ ಆಗ್ಯದ. ಯಾವ ಸಚಿವಾಲಯಕ್ಕ ಹೇಳಬೇಕು?

ಒಂದು ತ್ರಿವರ್ಣ ಧ್ವಜದ ಮೇಲೆ ಮೂರು ಸಚಿವಾಲಯಗಳ ಕೈ ಇದೆ. ಬಟ್ಟೆ ಖಾದಿ, ಅದು ಮಾಂಝಿ ಮತ್ತು ಶೋಭಾ ಕರಂದ್ಲಾಜೆ ಇರುವ ಸಣ್ಣ ಕೈಗಾರಿಕೆ ಸಚಿವಾಲಯದ ಕೆಳಗಿನ ಖಾದಿ ಆಯೋಗ. ಅಳತೆ, ಬಣ್ಣ, ಹೊಲಿಗೆಗೆ ಮುದ್ರೆ ಒತ್ತುವ ಭಾರತೀಯ ಮಾನಕ ಬ್ಯೂರೋ ಜೋಶಿಯವರ ಗ್ರಾಹಕ ವ್ಯವಹಾರ ಖಾತೆಯದು. ಆದರೆ ಪೆಟ್ಟು ಬಿದ್ದದ್ದು ಮೂರನೆಯದರಿಂದ. 2021ರ ಡಿಸೆಂಬರ್ 30ರಂದು ಗೃಹ ಸಚಿವಾಲಯ ಧ್ವಜ ಸಂಹಿತೆ ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟಿತು. ಗರಗದಲ್ಲಿ ನೂಲುವ, ಬೆಂಗೇರಿಯಲ್ಲಿ ಹೊಲಿಯುವ ಹೆಣ್ಣುಮಕ್ಕಳ ದುಡಿಮೆ ಉಳಿಯಬೇಕಾದರೆ ತಿದ್ದುಪಡಿ ಹಿಂದಕ್ಕೆ ಪಡೆಯಿರಿ ಎಂಬ ಮನವಿ ಅಮಿತ್ ಶಾ ಅವರ ಸಚಿವಾಲಯಕ್ಕೆ ಹೋಗಬೇಕು. ಸರ್ಕಾರಿ ಕಚೇರಿಗಳಾದರೂ ಖಾದಿ ಧ್ವಜವನ್ನೇ ಕೊಳ್ಳಲಿ ಎಂಬ ಬೇಡಿಕೆ ಈಡೇರುವುದು ಸುಲಭ, ಅದನ್ನು ಪ್ರತ್ಯೇಕವಾಗಿ ಕೇಳಿ.

## ಬರೆಯುವುದು, ಬೆನ್ನು ಹತ್ತುವುದು

ಕೇಂದ್ರ ಮಂತ್ರಿಗೆ ಕನ್ನಡದಾಗ ಪತ್ರ ಬರೀಬಹುದೇನ್ರೀ?

ಬರೆಯಬಹುದು, ಅದು ಹಕ್ಕು. ಸಂವಿಧಾನದ 350ನೇ ವಿಧಿ ಅಹವಾಲನ್ನು ಕೇಂದ್ರದ ಯಾವುದೇ ಅಧಿಕಾರಿಗೆ, ಕೇಂದ್ರ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಲು ಅವಕಾಶ ಕೊಟ್ಟಿದೆ. ಕೆಲಸ ಬೇಗ ಆಗಬೇಕೆಂದರೆ ಮೂರು ಸಾಲಿನ ಇಂಗ್ಲಿಷ್ ಸಾರಾಂಶವನ್ನು ಲಗತ್ತಿಸಿ.

ಒಂದು ಪತ್ರಕ್ಕೆ ಒಂದೇ ವಿಷಯ, ಒಂದೇ ಪುಟ. ಮೊದಲ ಸಾಲಿನಲ್ಲೇ ಯೋಜನೆಯ ಹೆಸರು, ಹಿಂದಿನ ಪತ್ರದ ಸಂಖ್ಯೆ, ದಿನಾಂಕ ಬರಲಿ. ಕೊನೆಯಲ್ಲಿ ಏನು ಬೇಕೆಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ. ಮೂಲ ದಾಖಲೆ ಕಳಿಸಬೇಡಿ, ನಕಲು ಸಾಕು. ಸ್ಪೀಡ್ ಪೋಸ್ಟ್ ರಸೀದಿ ಇಟ್ಟುಕೊಳ್ಳಿ. 2024ರಲ್ಲಿದ್ದ ವಿಳಾಸಗಳು: ಆಹಾರ ಮತ್ತು ಕೃಷಿಗೆ ಕೃಷಿ ಭವನ, ರೈಲ್ವೆಗೆ ರೈಲ್ ಭವನ, ಜಲಶಕ್ತಿಗೆ ಶ್ರಮಶಕ್ತಿ ಭವನ, ಪರಿಸರಕ್ಕೆ ಜೋರ್ ಬಾಗ್‌ನ ಇಂದಿರಾ ಪರ್ಯಾವರಣ ಭವನ, ಎಲ್ಲವೂ ನವದೆಹಲಿ. ಸಚಿವರು ಊರಿಗೆ ಬಂದಾಗ ಕೈಯಲ್ಲಿ ಕೊಡುವ ಮನವಿಗೆ ಸ್ವೀಕೃತಿ ಇರುವುದಿಲ್ಲ. ಕೊಟ್ಟರೂ ಅದೇ ಪತ್ರವನ್ನು ಅಂಚೆಯಲ್ಲೂ ಕಳಿಸಿ.

ಉತ್ತರಾನ ಬರಲಿಲ್ಲ. ಮುಂದೇನು?

ಕೇಂದ್ರದ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. 2024ರ ಆಗಸ್ಟ್‌ನ ಮಾರ್ಗಸೂಚಿಯಂತೆ 21 ದಿನದಲ್ಲಿ ಇತ್ಯರ್ಥವಾಗಬೇಕು. ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮೇಲ್ಮನವಿ. ಪಟ್ಟಿಯಲ್ಲಿ ಇಲಾಖೆಯನ್ನು ತಪ್ಪಾಗಿ ಆರಿಸಿದರೆ ‘ನಮಗೆ ಸಂಬಂಧಿಸಿಲ್ಲ’ ಎಂದು ಮುಚ್ಚಿಹೋಗುತ್ತದೆ.

ಪೋರ್ಟಲ್‌ನ ದೂರಿಗೂ ಸರಿಯಾದ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ, ಕನ್ನಡದಲ್ಲೂ ಬರೆಯಬಹುದು. ‘ಯಾಕೆ ಮಾಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ತಳ್ಳಿಹಾಕುತ್ತಾರೆ. ‘ನನ್ನ ಇಂಥ ದಿನಾಂಕದ ಪತ್ರದ ಮೇಲೆ ಬರೆದ ಕಡತ ಟಿಪ್ಪಣಿಗಳ ಪ್ರತಿ ಕೊಡಿ’ ಎಂದು ಕೇಳಿ. ಸಂಪುಟದ ಕಾಗದಪತ್ರಗಳು ಮಾತ್ರ ತೀರ್ಮಾನವಾಗಿ ವಿಷಯ ಮುಗಿಯುವ ತನಕ ಸಿಗುವುದಿಲ್ಲ.

ಮಂತ್ರಿ ಒಬ್ಬರ ಸಹಿಗೆ ಎಷ್ಟ ಕೋಟಿ ಕೆಲಸ ಆಗ್ತದ?

ಹಣಕಾಸು ಸಚಿವಾಲಯದ 2016ರ ಆದೇಶದಂತೆ ಹೊಸ ಯೋಜನೆಗೆ 500 ಕೋಟಿವರೆಗೆ ಆಯಾ ಸಚಿವರ ಒಪ್ಪಿಗೆ ಸಾಕು. 500ರಿಂದ 1,000 ಕೋಟಿಗೆ ಹಣಕಾಸು ಸಚಿವರ ಸಹಿಯೂ ಬೇಕು. 1,000 ಕೋಟಿ ದಾಟಿದರೆ ಸಂಪುಟಕ್ಕೆ ಹೋಗಬೇಕು. ವೇದಿಕೆಯ ಮೇಲೆ ಎರಡು ಸಾವಿರ ಕೋಟಿಯ ಘೋಷಣೆ ಕೇಳಿದಾಗ ‘ಸಂಪುಟ ಒಪ್ಪಿದ ದಿನಾಂಕ ಯಾವುದು’ ಎಂದು ವಿಚಾರಿಸಿ. ಹಾಗೆಯೇ ಕೇಂದ್ರದ ಸಹಿ ಬಿದ್ದ ಮಾತ್ರಕ್ಕೆ ಕೆಲಸ ಶುರುವಾಗುವುದಿಲ್ಲ. ಉಕ್ಕು ಸಚಿವರಾಗಿ ಕುಮಾರಸ್ವಾಮಿ ಮೊದಲು ಸಹಿ ಹಾಕಿದ ಕಡತಗಳಲ್ಲಿ ಒಂದು ಸಂಡೂರಿನ ದೇವದಾರಿ ಗಣಿಯದು, ಆದರೆ ಕಾಡು ಬಿಟ್ಟುಕೊಡಲು ಒಪ್ಪದೆ ರಾಜ್ಯ ಸರ್ಕಾರ ಆ ಕೆಲಸವನ್ನು ತಡೆಯಿತು.

ನಮ್ಮ ಎಂಪಿ ಮಂತ್ರಿ ಆಗ್ಯಾರ. ಲೋಕಸಭಾದಾಗ ನಮ್ಮ ಪ್ರಶ್ನಿ ಕೇಳ್ತಾರೇನು?

ಕೇಳುವುದಿಲ್ಲ. ಸಚಿವರು ಸದನದಲ್ಲಿ ಉತ್ತರ ಕೊಡುವವರು, ಪ್ರಶ್ನೆ ಹಾಕುವವರಲ್ಲ. ಸರ್ಕಾರದ ತೀರ್ಮಾನಕ್ಕೆ ಇಡೀ ಮಂತ್ರಿಮಂಡಲ ಒಟ್ಟಾಗಿ ಹೊಣೆ, ಆದ್ದರಿಂದ ಇನ್ನೊಂದು ಸಚಿವಾಲಯವನ್ನು ಬಹಿರಂಗವಾಗಿ ಟೀಕಿಸಲೂ ಬರುವುದಿಲ್ಲ. ಧಾರವಾಡ ಕ್ಷೇತ್ರದ ಮತದಾರರಿಗೆ ಇದು ಗೊತ್ತಿರಲೇಬೇಕಾದ ಮಾತು. ನಿಮ್ಮ ಸಂಸದರ ಬಲ ಒಳಗಿನ ಮಾತುಕತೆಯಲ್ಲಿದೆ, ಸದನದ ಪ್ರಶ್ನೆಯಲ್ಲಿಲ್ಲ.

ಲಿಖಿತ ಉತ್ತರ ಬೇಕಿದ್ದರೆ ಸಚಿವರಲ್ಲದ ನೆರೆಯ ಸಂಸದರನ್ನೋ ರಾಜ್ಯಸಭಾ ಸದಸ್ಯರನ್ನೋ ಹಿಡಿಯಿರಿ. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ದಿನ ಮುಂಚೆ ನೋಟಿಸ್ ಬೇಕು. ಚುಕ್ಕೆ ಗುರುತಿನವು (ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸುವವು) ದಿನಕ್ಕೆ 20, ಚುಕ್ಕೆ ಇಲ್ಲದವು (ಲಿಖಿತ ಉತ್ತರದವು) 230, ಎಲ್ಲವೂ ಚೀಟಿ ಎತ್ತಿ ಆರಿಸಿದವು. ಅಧಿವೇಶನಕ್ಕೆ ತಿಂಗಳು ಮುಂಚೆಯೇ, ಅಂಕಿ ಮತ್ತು ದಿನಾಂಕ ಕೇಳುವ ಎರಡು ಸಾಲಿನ ಪ್ರಶ್ನೆಯನ್ನು ನೀವೇ ಬರೆದು ಕೊಟ್ಟರೆ ಅದು ಸದನ ತಲುಪುವ ಸಾಧ್ಯತೆ ಹೆಚ್ಚು.

ನಡಬರಕ ಖಾತೆ ಬದಲಾದ್ರ ನಮ್ಮ ಅರ್ಜಿ ಕೆಟ್ಟ ಹೋಗ್ತದೇನು?

ಸಚಿವಾಲಯದಲ್ಲಿ ಡೈರಿ ಸಂಖ್ಯೆ ಬಿದ್ದು ಕಡತ ಸೇರಿದ್ದರೆ ಕೆಡುವುದಿಲ್ಲ, ಅದು ಅಲ್ಲೇ ಇರುತ್ತದೆ. ಸಚಿವರ ಖಾಸಗಿ ಕಚೇರಿಯಲ್ಲೇ ಉಳಿದಿದ್ದರೆ ಅಪಾಯವಿದೆ. ಅಲ್ಲಿನ ಆಪ್ತ ಕಾರ್ಯದರ್ಶಿ, ಸಿಬ್ಬಂದಿ ಸಚಿವರ ಜೊತೆಗೇ ಬದಲಾಗುತ್ತಾರೆ. ಪತ್ರ ಕೊಟ್ಟ ಎರಡು ವಾರದಲ್ಲಿ ಡೈರಿ ಸಂಖ್ಯೆಯನ್ನೂ ಅದು ಯಾವ ವಿಭಾಗಕ್ಕೆ ಹೋಯಿತೆಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಹೊಸ ಸಚಿವರು ಬಂದ ಮೇಲೆ ಅದೇ ಸಂಖ್ಯೆ ಹಾಕಿ ನೆನಪೋಲೆ ಬರೆಯಿರಿ, ಹೊಸದಾಗಿ ಮೊದಲಿನಿಂದ ಅರ್ಜಿ ಹಾಕಬೇಡಿ.